ಸಂತೆಯ ಬಾಗಿಲಿನ ಕೀಲಿಕೈ ಯಾರ ಬಳಿ?

ಕೂಲಿಯನ್ನು ನಾಣ್ಯದಲ್ಲಿ ಕೊಡದೆ ಚೀಟಿಯಲ್ಲಿ ಕೊಡುತ್ತಿದ್ದ ಕಾಲವೊಂದಿತ್ತು. ಇಂಗ್ಲೆಂಡಿನ ಗಿರಣಿ ಮತ್ತು ಗಣಿಗಳ ಧಣಿಗಳು ಕೊಡುತ್ತಿದ್ದ ಆ ಚೀಟಿ ಧಣಿಯ ಅಂಗಡಿಯಲ್ಲಲ್ಲದೆ ಬೇರೆಲ್ಲಿಯೂ ನಡೆಯುತ್ತಿರಲಿಲ್ಲ. ಅವನು ಹೇಳಿದ್ದೇ ದರ, ಅವನು ತೂಗಿದ್ದೇ ತೂಕ. 1831ರಲ್ಲಿ ಅಲ್ಲಿ ಅದರ ವಿರುದ್ಧ ಕಾಯಿದೆ ಬಂತು. ನಮ್ಮ ದೇಶದಲ್ಲಿಯೂ 1936ರ ವೇತನ ಪಾವತಿ ಕಾಯಿದೆ, ಕೂಲಿಯನ್ನು ಚಲಾವಣೆಯ ಹಣದಲ್ಲಿಯೇ ಕೊಡತಕ್ಕದ್ದೆಂದು ವಿಧಿಸಿತು. ದುಡಿದವನಿಗೆ ಕೂಲಿ ಸಿಕ್ಕರಷ್ಟೇ ಸಾಲದು, ಅದನ್ನು ತನಗೆ ಬೇಕಾದ ಅಂಗಡಿಗೆ ಒಯ್ಯುವ ಹಕ್ಕೂ ಅವನಿಗಿರಬೇಕು ಎಂಬುದೇ ಇದರ ತಿರುಳು.

ಆ ಕಂಪನಿ ಅಂಗಡಿ ಸತ್ತುಹೋಯಿತೆಂದು ನಾವು ತಿಳಿದಿದ್ದೆವು. ಈಗ ಅದು ನಮ್ಮ ನಿಮ್ಮೆಲ್ಲರ ಜೇಬಿನಲ್ಲಿ ಮತ್ತೆ ಹುಟ್ಟಿ ಬಂದಿದೆ.

ಮೊಬೈಲು ಫೋನಿಗೆ ಹಣ ತೆತ್ತವರು ನಾವು. ಹಲವರು ಕಂತಿನ ಮೇಲೆ ಕೊಂಡು ಇನ್ನೂ ಸಾಲ ತೀರಿಸುತ್ತಿದ್ದಾರೆ. ಆದರೆ ಅದರೊಳಗೆ ಯಾವ ಆಪ್ ಬರಬೇಕು, ಯಾವುದು ಬರಬಾರದು, ಬಂದದ್ದಕ್ಕೆ ಹಣ ಯಾವ ದಾರಿಯಿಂದ ಸಲ್ಲಬೇಕು ಎಂದು ತೀರ್ಮಾನಿಸುವವು ಅಮೆರಿಕದ ಎರಡು ಕಂಪನಿಗಳು. ಆಪಲ್ ಕಂಪನಿ 2008ರ ಜುಲೈಯಲ್ಲಿ ತನ್ನ ಆಪ್ ಸ್ಟೋರ್ ತೆರೆಯಿತು. ಅದೇ ವರ್ಷ ಗೂಗಲ್ ಕಂಪನಿಯೂ ಆಂಡ್ರಾಯ್ಡ್ ಫೋನುಗಳಿಗಾಗಿ ಒಂದು ಪೇಟೆ ಹೂಡಿತು. 2012ರಿಂದ ಅದಕ್ಕೆ ಪ್ಲೇ ಸ್ಟೋರ್ ಎಂದು ಹೆಸರು.

ಆಪಲ್ಲಿನದು ಮುಚ್ಚಿದ ಕೋಟೆ. ನಮ್ಮ ದೇಶದಲ್ಲಿ ಐಫೋನು ಕೊಂಡವನು ಆಪಲ್ಲಿನ ಅಂಗಡಿ ಬಿಟ್ಟು ಬೇರೆ ಅಂಗಡಿಗೆ ಹೋಗುವಂತಿಲ್ಲ. ಗೂಗಲ್ಲಿನದು ತೆರೆದ ಬಯಲೆಂದು ಹೆಸರು. ಬೇರೆ ಕಡೆಯಿಂದ ಆಪ್ ತರಬಹುದು, ಬೇರೆ ಅಂಗಡಿಯನ್ನೂ ಹಾಕಿಕೊಳ್ಳಬಹುದು. ಆದರೆ ಹೊಸ ಫೋನಿನ ಪೆಟ್ಟಿಗೆ ಬಿಚ್ಚಿದಾಗಲೇ ಪ್ಲೇ ಸ್ಟೋರ್ ಒಳಗೆ ಕುಳಿತಿರುತ್ತದೆ. ಹೊರಗಿನಿಂದ ತರಹೊರಟವನಿಗೆ ಎಚ್ಚರಿಕೆಯ ಮೇಲೆ ಎಚ್ಚರಿಕೆ. ಒಬ್ಬನ ಅಂಗಡಿ ಪೇಟೆಯ ಚೌಕದಲ್ಲಿ, ಮಿಕ್ಕವರದು ಬೇಲಿಯಾಚೆಯ ಕಾಲುದಾರಿಯಲ್ಲಿ! ನಮ್ಮ ದೇಶದ ನೂರು ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್ ಎಂಬುದನ್ನು ನೆನೆದರೆ ಈ ಚೌಕದ ಬೆಲೆ ಏನೆಂದು ತಿಳಿಯುತ್ತದೆ.

ಇನ್ನು ಸುಂಕದ ಮಾತು. ಆಪಿನೊಳಗೆ ಪಾಠ, ಹಾಡು, ಆಟ ಮೊದಲಾದ ಡಿಜಿಟಲ್ ಸರಕು ಮಾರಿದವರಿಂದ ಎರಡೂ ಕಂಪನಿಗಳು ಬಹುಕಾಲ ನೂರಕ್ಕೆ 30ರಂತೆ ಕಿತ್ತುಕೊಂಡವು. ಗದ್ದಲ ಎದ್ದ ಮೇಲೆ 2021ರಲ್ಲಿ, 10 ಲಕ್ಷ ಡಾಲರಿನೊಳಗಿನ ವರ್ಷದ ಗಳಿಕೆಗೆ ನೂರಕ್ಕೆ 15 ಎಂದು ಇಳಿಸಿದವು. ಆಮೇಲೆ ನ್ಯಾಯಾಲಯಗಳ ಒತ್ತಡದಿಂದ ದರ ಅಲ್ಲಲ್ಲಿ ಸಡಿಲುತ್ತಿದೆ. ಅಕ್ಕಿ ಬೇಳೆ, ಬಟ್ಟೆ ಬರೆ ಆಪಿನ ಮೂಲಕ ಮಾರಿದರೆ ಈ ಸುಂಕವಿಲ್ಲ, ಬಿಟ್ಟಿ ಆಪುಗಳಿಗೂ ಇಲ್ಲ. ಇದ್ದುದನ್ನು ಇದ್ದಂತೆ ಹೇಳಬೇಕು.

ಹಾಗಾದರೆ ಕಿರಾಣಿ ಅಂಗಡಿಯವರಿಗೂ ಮಗ್ಗದ ಮುಂದೆ ನಿಲ್ಲುವವರಿಗೂ ಇದರಿಂದ ಏನು ಎಂದು ಕೇಳುವವರಿದ್ದಾರೆ. ಸುಂಕ ಯಾವಾಗಲಾದರೂ ಮಾರುವವನ ಗಂಟಿನಿಂದ ಹೋದದ್ದುಂಟೆ? 2023ರ ಫೆಬ್ರವರಿಯಲ್ಲಿ ಟ್ವಿಟರ್ ಕಂಪನಿ ನಮ್ಮ ದೇಶದಲ್ಲಿ ನೀಲಿ ಗುರುತಿನ ಚಂದಾ ಸಾರಿತು. ಕಂಪ್ಯೂಟರಿನ ಮೂಲಕ ಕಟ್ಟಿದರೆ ತಿಂಗಳಿಗೆ 650 ರೂಪಾಯಿ, ಫೋನಿನ ಆಪಿನಲ್ಲಿ ಕಟ್ಟಿದರೆ 900. ಸರಕು ಒಂದೇ, ನಡುವಿನ ಅಂತರ 250. ಅಂಗಡಿಯ ಬಾಗಿಲು ದಾಟುವ ಬೆಲೆ ಅದು. ಮಕ್ಕಳ ಪಾಠದ ಆಪಿಗೆ ಚಂದಾ ಕಟ್ಟುವ ತಂದೆತಾಯಿಗಳ ಮೇಲೂ ಇದೇ ಭಾರ ಬೀಳುತ್ತದೆ. ಎರಡು ದರ ಪಕ್ಕಪಕ್ಕದಲ್ಲಿ ಕಾಣದ್ದರಿಂದ ನಮಗೆ ತಿಳಿಯುವುದಿಲ್ಲ, ಅಷ್ಟೆ. ತಿಳಿಯದಂತೆ ಮಾಡುವ ಏರ್ಪಾಟೂ ಇತ್ತು. ‘ಹೊರಗೆ ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ’ ಎಂದು ಗಿರಾಕಿಗೆ ಹೇಳಲು ಮಾರಾಟಗಾರರಿಗೆ ಅಡ್ಡಿ ಮಾಡಿದ್ದಕ್ಕಾಗಿಯೇ ಯುರೋಪಿಯನ್ ಒಕ್ಕೂಟ 2025ರ ಏಪ್ರಿಲಿನಲ್ಲಿ ಆಪಲ್ ಕಂಪನಿಗೆ 50 ಕೋಟಿ ಯೂರೋ ದಂಡ ಹಾಕಿತು. ಸಂತೆಯಲ್ಲಿ ದರ ಹೇಳುವ ಬಾಯಿಗೇ ಬೀಗವೆಂದರೆ ಗಿರಾಕಿಗೆ ಆಯ್ಕೆ ಎಲ್ಲಿಯದು?

ಆದರೆ ಎದುರು ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಈಚೆಗೆ ನಮ್ಮ ಓದುಕೋಣೆಯಲ್ಲಿ ಈ ಮಾತು ಬಂದಾಗ ನೇಯ್ಗೆ ವಿಭಾಗದ ಹಿರಿಯರೊಬ್ಬರು ಎದ್ದು ನಿಂತು, “ನೋಡಿ ಸ್ವಾಮಿ, ನಿಮ್ಮ ತೆರೆದ ಬಾಗಿಲು ನನಗೆ ಬೇಡ. ಮದುವೆಯ ಕರೆಯೋಲೆ ಅಂತ ಫೋನಿಗೆ ಬಂದದ್ದನ್ನು ನನ್ನ ಮಗ ಒತ್ತಿದ. ಸಂಜೆಯೊಳಗೆ ಬೋನಸ್ಸಿನ ಹಣ ಪೂರಾ ಹೋಯಿತು. ಬಾಗಿಲು ಭದ್ರವಾಗಿದ್ದರೆ ಹೀಗಾಗುತ್ತಿತ್ತೆ?” ಎಂದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಕರೆಯೋಲೆ, ಸಂಚಾರಿ ದಂಡದ ಚೀಟಿ, ರೈತರ ಸಹಾಯಧನ ಎಂಬ ಸೋಗಿನಲ್ಲಿ ಕಳ್ಳ ಆಪುಗಳನ್ನು ಕಳುಹಿಸಿ ಬಡವರ ಖಾತೆ ಬರಿದು ಮಾಡುವ ದಂಧೆ ದೇಶದ ತುಂಬ ನಡೆದಿದೆ. ಕಾವಲು ಬೇಡವೆನ್ನುವವನು ಬಡವನ ಮಿತ್ರನಲ್ಲ.

ಹಾಗೆಂದು ಆ ಹಿರಿಯರಿಗೆ ನಾವು ಇನ್ನೊಂದು ಸಂಗತಿಯನ್ನೂ ಹೇಳಲೇಬೇಕಾಯಿತು. ಕಾವಲಿದ್ದ ಬಾಗಿಲಿನಿಂದಲೇ ಕಳ್ಳರು ಒಳಗೆ ಬಂದದ್ದೂ ಉಂಟು. ಮೊಬೈಲಿನಲ್ಲಿ ಸಾಲ ಕೊಟ್ಟು, ಫೋನಿನೊಳಗಿನ ಹೆಸರುಗಳನ್ನೂ ಚಿತ್ರಗಳನ್ನೂ ಕದ್ದು, ಮಾನ ಹರಾಜು ಹಾಕುವ ಬೆದರಿಕೆಯಿಂದ ಎಷ್ಟೋ ಸಂಸಾರಗಳನ್ನು ಹಾಳುಮಾಡಿದ ಆಪುಗಳನ್ನು ಯಾರು ಮರೆತಿದ್ದಾರೆ? ಅವುಗಳಲ್ಲಿ ಬಹಳಷ್ಟು ಪ್ಲೇ ಸ್ಟೋರಿನಲ್ಲಿಯೇ ಕುಳಿತಿದ್ದವು. ಕೇಂದ್ರ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ, 2021ರ ಏಪ್ರಿಲಿನಿಂದ 2022ರ ಜುಲೈವರೆಗೆ 2,500ಕ್ಕೂ ಹೆಚ್ಚು, 2022ರ ಸೆಪ್ಟೆಂಬರಿನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆಪುಗಳನ್ನು ಗೂಗಲ್ ಅಲ್ಲಿಂದ ಕಿತ್ತುಹಾಕಿತು. ಕಿತ್ತದ್ದು ಸರಿಯೆ. ಆದರೆ ಅಷ್ಟು ಜನ ಒಳಗೆ ಹೊಕ್ಕಾಗ ಕಾವಲುಗಾರ ಏನು ಮಾಡುತ್ತಿದ್ದ?

ಗುಟ್ಟು ಇಲ್ಲಿದೆ. ಈ ಪೇಟೆಯಲ್ಲಿ ಕಾವಲುಗಾರನೂ ಅವನೇ, ಸುಂಕದವನೂ ಅವನೇ, ಸ್ವಂತ ಸರಕನ್ನಿಟ್ಟು ಪೈಪೋಟಿಗೆ ಕೂತ ವ್ಯಾಪಾರಿಯೂ ಅವನೇ. ಎಪಿಎಂಸಿ ಅಂಗಳದಲ್ಲಿ ಒಬ್ಬನೇ ದಲ್ಲಾಳಿಯ ಕೈಗೆ ತಕ್ಕಡಿ, ಹರಾಜು, ಗೇಟು ಮೂರನ್ನೂ ಕೊಟ್ಟರೆ ರೈತ ಒಪ್ಪುತ್ತಾನೆಯೆ? ತೂಕ ಅಳತೆಗೆ ಸರಕಾರದ ಮುದ್ರೆ ಬೇಕೆಂದು ನಮ್ಮ ಹಿರಿಯರು ಕೇಳಿದ್ದು ಸುಮ್ಮನೆ ಅಲ್ಲ. ಕಾವಲು ಬೇಕು, ಸರಿ. ಕಾವಲಿನ ಹೆಸರಿನಲ್ಲಿ ನೂರಕ್ಕೆ ಮೂವತ್ತು ಏಕೆ ಬೇಕು?

ನಮ್ಮ ದೇಶದಲ್ಲಿ ಈ ಪ್ರಶ್ನೆ ಎದ್ದಿಲ್ಲವೆಂದಲ್ಲ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿಗೆ ಎರಡು ದಂಡ ಹಾಕಿತು. ಆಂಡ್ರಾಯ್ಡ್ ಫೋನುಗಳ ಮೇಲಿನ ಪ್ರಾಬಲ್ಯವನ್ನು ದುರುಪಯೋಗಪಡಿಸಿದ್ದಕ್ಕೆ 1,337.76 ಕೋಟಿ ರೂಪಾಯಿ. ಪ್ಲೇ ಸ್ಟೋರಿನ ಪಾವತಿ ಪದ್ಧತಿಯನ್ನು ಬಲವಂತವಾಗಿ ಹೇರಿದ್ದಕ್ಕೆ 936.44 ಕೋಟಿ. ಮೊದಲನೆಯದನ್ನು ಮೇಲ್ಮನವಿ ನ್ಯಾಯಮಂಡಳಿ 2023ರ ಮಾರ್ಚಿಯಲ್ಲಿ ಎತ್ತಿಹಿಡಿಯಿತಾದರೂ, ಆಯೋಗದ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ರದ್ದುಮಾಡಿತು. ಬೇರೆಯವರ ಅಂಗಡಿಗಳಿಗೂ ಪ್ಲೇ ಸ್ಟೋರಿನಲ್ಲಿ ಜಾಗ ಕೊಡಬೇಕೆಂಬುದು ಆ ನಾಲ್ಕರಲ್ಲೊಂದು. ಎರಡನೆಯ ದಂಡವನ್ನು 2025ರ ಮಾರ್ಚಿಯಲ್ಲಿ 216.69 ಕೋಟಿಗೆ ಇಳಿಸಿತು. ಈ ನಡುವೆ ಕಂಪನಿ ಒಂದು ರಿಯಾಯಿತಿ ತೋರಿತು: ಬೇಕಿದ್ದರೆ ಬೇರೆಯವರ ಪಾವತಿ ವ್ಯವಸ್ಥೆ ಬಳಸಿರಿ, ಸುಂಕದಲ್ಲಿ ನೂರಕ್ಕೆ 4 ಬಿಡುತ್ತೇವೆ ಎಂದಿತು. ಅಂದರೆ 30 ಕೊಡುತ್ತಿದ್ದವನು ಸ್ವಂತ ತಕ್ಕಡಿ ತಂದರೂ 26 ಕೊಡಬೇಕು!

ಕೊಡೆವೆಂದು ತಗಾದೆ ಮಾಡಿದವರ ಗತಿ ಏನಾಯಿತು? 2024ರ ಮಾರ್ಚಿ 1ರಂದು ಭಾರತ್ ಮ್ಯಾಟ್ರಿಮೊನಿ, ನೌಕರಿ ಮೊದಲಾದ ಹತ್ತು ಭಾರತೀಯ ಕಂಪನಿಗಳ ಆಪುಗಳನ್ನು ಪ್ಲೇ ಸ್ಟೋರಿನಿಂದ ಹೊರಹಾಕಲು ಗೂಗಲ್ ಕೈಹಾಕಿತು. ಕೇಂದ್ರ ಸರಕಾರ ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ಆ ದೊಡ್ಡವರಿಗಾದರೆ ಮಂತ್ರಿಗಳ ಬಾಗಿಲು ತೆರೆಯಿತು. ನಾಳೆ ನಮ್ಮ ಊರಿನ ಹುಡುಗನೊಬ್ಬ ಕನ್ನಡದಲ್ಲಿ ಪಾಠದ ಆಪ್ ಮಾಡಿ, ಅದನ್ನು ಹೊರಹಾಕಿದರೆ ಅವನು ಯಾರ ಬಾಗಿಲು ತಟ್ಟಬೇಕು?

ಬಾಗಿಲು ತೆರೆಯೆಂದು ಕಾನೂನು ಮಾಡಿದರೂ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಯುರೋಪೇ ಸಾಕ್ಷಿ. ಅಲ್ಲಿನ ಹೊಸ ಕಾನೂನಿಗೆ ಮಣಿದು 2024ರ ಮಾರ್ಚಿಯಲ್ಲಿ ಆಪಲ್ ತನ್ನ ಫೋನಿನಲ್ಲಿ ಬೇರೆ ಅಂಗಡಿಗಳಿಗೆ ಎಡೆ ಕೊಟ್ಟಿತು. ಕೊಟ್ಟು, 10 ಲಕ್ಷ ಮೀರಿದ ಪ್ರತಿಯೊಂದು ಹೊಸ ಪ್ರತಿಗೂ ವರ್ಷಕ್ಕೆ ಅರ್ಧ ಯೂರೋ ಎಂದು ಹೊಸ ಸುಂಕ ಹೂಡಿತು. ಬಾಗಿಲು ತೆರೆದರು, ಹೊಸ್ತಿಲಿಗೆ ಬೆಲೆ ಕಟ್ಟಿದರು!

ಅಂಗಡಿಗಳ ಸಂಖ್ಯೆ ಹೆಚ್ಚಿದರೆ ಎಲ್ಲ ಸರಿಹೋಗುತ್ತದೆಂದೂ ನಾವು ಭ್ರಮಿಸಬಾರದು. 2024ರ ಫೆಬ್ರವರಿಯಲ್ಲಿ ಫೋನ್‌ಪೇ ಕಂಪನಿ ಇಂಡಸ್ ಎಂಬ ಆಪ್ ಅಂಗಡಿ ತೆರೆಯಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ವ್ಯವಹಾರ, ಸಂತೋಷ. ಆದರೆ ಫೋನ್‌ಪೇಯ ಬಹುಪಾಲು ಒಡೆತನ ಅಮೆರಿಕದ ವಾಲ್‌ಮಾರ್ಟಿನದು. ಒಬ್ಬ ಧಣಿಯ ಬದಲು ಇನ್ನೊಬ್ಬ ಧಣಿ. ಸರಕಾರದ್ದೇ ‘ಮೊಬೈಲ್ ಸೇವಾ’ ಎಂಬ ಆಪ್ ಅಂಗಡಿಯಿದೆಯೆಂದು 2021ರಲ್ಲಿ ಸಂಸತ್ತಿನಲ್ಲಿ ಹೇಳಿದರು. ನಮ್ಮಲ್ಲಿ ಅದನ್ನು ಕಂಡವರೆಷ್ಟು ಮಂದಿ? ಇತ್ತ 2010ರಿಂದ ಎಫ್‌-ಡ್ರಾಯ್ಡ್ ಎಂಬ ಅಂಗಡಿಯೊಂದು ಸ್ವಯಂಸೇವಕರ ಶ್ರಮದಿಂದ, ಸುಂಕವಿಲ್ಲದೆ ನಡೆದುಕೊಂಡು ಬಂದಿದೆ. ಸಹಕಾರ ತತ್ವ ಈ ಪೇಟೆಗೂ ಹೊಂದುತ್ತದೆ ಎನ್ನಲು ಅದು ಸಾಲದೆ?

ಆದ್ದರಿಂದ ತೆರೆದ ಪೇಟೆಯೋ ಮುಚ್ಚಿದ ಪೇಟೆಯೋ ಎಂದಷ್ಟೇ ಕೇಳಿದರೆ ಪ್ರಶ್ನೆ ಅರ್ಧಕ್ಕೆ ನಿಲ್ಲುತ್ತದೆ. ಪೇಟೆಯ ನಿಯಮ ಮಾಡುವವರು ಯಾರು, ಅವರು ಯಾರಿಗೆ ಉತ್ತರ ಕೊಡತಕ್ಕವರು ಎಂಬುದು ಉಳಿದರ್ಧ. ನಾವು ಕೇಳುವುದು ಇಷ್ಟು:

ಒಂದು, ಈ ದೇಶದಲ್ಲಿ ಮಾರುವ ಪ್ರತಿ ಫೋನಿನಲ್ಲಿಯೂ ಒಡೆಯನು ತನಗೆ ಬೇಕಾದ ಅಂಗಡಿಯನ್ನು ಹಾಕಿಕೊಳ್ಳಲು ಆಸ್ಪದವಿರಬೇಕು.

ಎರಡು, ಕಾವಲು ಬೇರೆ, ಸುಂಕ ಬೇರೆಯಾಗಬೇಕು. ಎಲ್ಲ ಅಂಗಡಿಗಳಿಗೂ ಒಂದೇ ಸುರಕ್ಷತೆಯ ನಿಯಮ ಬಹಿರಂಗವಾಗಿ ಇರಬೇಕು. ಆಪನ್ನು ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ದೂರು ಕೇಳುವವರು ಕಂಪನಿಯ ಹೊರಗಿನವರಾಗಿರಬೇಕು.

ಮೂರು, ಹೊರಗಿನ ಅಗ್ಗದ ದರವನ್ನು ಗಿರಾಕಿಗೆ ಹೇಳುವ ಸ್ವಾತಂತ್ರ್ಯ ಮಾರಾಟಗಾರನಿಗೆ ಇರಬೇಕು.

ನಾಲ್ಕು, ಕಳ್ಳ ಆಪಿನಿಂದ ಹಣ ಕಳೆದುಕೊಂಡವನನ್ನು ಬ್ಯಾಂಕಿನಿಂದ ಠಾಣೆಗೆ, ಠಾಣೆಯಿಂದ ಬ್ಯಾಂಕಿಗೆ ಅಲೆಸಬಾರದು.

ಸರಕಾರ 2024ರ ಮಾರ್ಚಿಯಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ದೊಡ್ಡ ಕಂಪನಿಗಳು ತಪ್ಪು ಮಾಡಿದ ಮೇಲೆ ವರ್ಷಗಟ್ಟಲೆ ವಿಚಾರಣೆ ನಡೆಸುವ ಬದಲು ಮೊದಲೇ ಅಂಕುಶ ಹಾಕುವುದು ಅದರ ಉದ್ದೇಶ. ಅದರ ಬಗ್ಗೆ ನಿಮ್ಮ ಸಂಸದರನ್ನು ಕೇಳಿರಿ. ವರ್ತಕರ ಸಂಘಗಳಲ್ಲಿ, ಕಾರ್ಮಿಕರ ಸಭೆಗಳಲ್ಲಿ ಈ ಮಾತೆತ್ತಿರಿ. ಅಲ್ಲಿಯವರೆಗೆ ಯಾರೋ ಕಳುಹಿಸಿದ ಆಪನ್ನು ಫೋನಿಗೆ ಹಾಕಬೇಡಿರಿ. ಮೋಸಹೋದರೆ ತಡಮಾಡದೆ 1930ಕ್ಕೆ ಕರೆಮಾಡಿರಿ.

ಓದುಕೋಣೆಯ ಆ ಹಿರಿಯರಿಗೆ ನಮ್ಮ ಉತ್ತರವೂ ಇದೇ. ಮನೆಗೆ ಬೀಗ ಬೇಕು, ನಿಜ. ಆದರೆ ಕೀಲಿಕೈ ಮನೆಯವರ ಸೊಂಟದಲ್ಲಿರಬೇಕು, ಬೀಗ ಮಾರಿದವನ ಜೇಬಿನಲ್ಲಲ್ಲ.