‘ವ್ಯತ್ಯಯ’ ಎಂದರೆ ಇರುತ್ತದೋ, ಇರುವುದಿಲ್ಲವೋ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುದಾಗಾರವಿರುವ ಜಾಗಕ್ಕೆ ಬ್ಲಫ್ ಎಂದು ಹೆಸರು. ಇಂಗ್ಲಿಷಿನಲ್ಲಿ ಕಡಿದಾದ ಬಂಡೆಗೋಡೆಗೂ ಅದೇ ಪದ, ಎದುರಿನವನನ್ನು ನಂಬಿಸಿ ಮೋಸಗೊಳಿಸುವುದಕ್ಕೂ ಅದೇ ಪದ. ಅಲ್ಲಿಗೆ ಸಲ್ಲುವುದು ಮೊದಲನೆಯ ಅರ್ಥ. ಆದರೆ ವಿದ್ಯುತ್ ಕೆಲಸದಲ್ಲೇ ವಯಸ್ಸು ಸವೆಸಿ ನಿವೃತ್ತನಾದ ನನಗೆ, ಎರಡನೆಯ ಅರ್ಥಕ್ಕೆ ಹೊಂದುವ ಒಂದು ಕನ್ನಡ ಪದ ನೆನಪಾಗುತ್ತದೆ. ಅದೇ ‘ವ್ಯತ್ಯಯ’.

ವ್ಯತ್ಯಯವೆಂದರೆ ಇದ್ದ ಕ್ರಮ ತಪ್ಪುವುದು, ಅದಲುಬದಲಾಗುವುದು. ಪಾಣಿನಿಯ ವ್ಯಾಕರಣದಲ್ಲಿಯೂ ಈ ಪದವಿದೆ. ಇಂದು ಅದು ವ್ಯಾಕರಣ ಬಿಟ್ಟು ಪ್ರಕಟಣೆಗಳಲ್ಲಿ ನೆಲೆಸಿದೆ. ವಿದ್ಯುತ್ ವ್ಯತ್ಯಯ, ನೀರು ಪೂರೈಕೆಯಲ್ಲಿ ವ್ಯತ್ಯಯ, ಬಸ್ ಸಂಚಾರದಲ್ಲಿ ವ್ಯತ್ಯಯ. ನಮ್ಮ ಸಮಾರಂಭಗಳ ಆಹ್ವಾನಪತ್ರಿಕೆಗಳೂ ಇದಕ್ಕೆ ಹೊರತಲ್ಲ.

ಒಮ್ಮೆ ನಾನೇ ಸಹಿ ಹಾಕಿದ್ದ ಪ್ರಕಟಣೆಯನ್ನು ಹಿಡಿದು ವಯಸ್ಸಾದ ರೈತರೊಬ್ಬರು ಕಚೇರಿಗೆ ಬಂದರು. “ಸ್ವಾಮಿ, ವ್ಯತ್ಯಯ ಅಂದ್ರೆ ಕರೆಂಟು ಇರ್ತದೋ, ಇರಲ್ವೋ? ಗದ್ದೆಗೆ ನೀರು ಕಟ್ಟಬೇಕು” ಎಂದರು. “ಇರೋದಿಲ್ಲ ಯಜಮಾನ್ರೇ” ಎಂದೆ. “ಹಂಗಂತ್ಲೇ ಬರೆದಿದ್ರೆ ಆಗ್ತಿರ್ಲಿಲ್ವಾ?” ಎಂದು ಹೊರಟುಹೋದರು. ನನ್ನ ಬಳಿ ಉತ್ತರವಿರಲಿಲ್ಲ. ‘ಇರುವುದಿಲ್ಲ’ ಎಂದು ಬರೆದರೆ ‘ಏಕೆ’ ಎಂದು ಕೇಳುತ್ತಾರೆ. ‘ವ್ಯತ್ಯಯ’ ಎಂದರೆ ಯಾರೂ ಕೇಳುವುದಿಲ್ಲ. ನಿಜವಾದ ಕಾರಣ ಇಷ್ಟೇ.

ನಮ್ಮ ಹಳ್ಳಿಯವರು “ಕರೆಂಟು ತೆಗೆದವ್ರೆ” ಎನ್ನುತ್ತಾರೆ. ಆ ಮಾತಿನಲ್ಲಿ ತೆಗೆದವರೊಬ್ಬರು ಇದ್ದಾರೆ. ‘ವ್ಯತ್ಯಯ’ದಲ್ಲಿ ಯಾರೂ ಇಲ್ಲ, ಎಲ್ಲವೂ ತಾನೇ ತಾನಾಗಿ ಆದಂತೆ.

ದುರಸ್ತಿಗಾಗಿ ನಾವೇ ಲೈನ್ ನಿಲ್ಲಿಸುವುದು ಬೇರೆ, ಮರ ಬಿದ್ದು ನಿಲ್ಲುವುದು ಬೇರೆ, ಉತ್ಪಾದನೆ ಸಾಲದೆ ಸರದಿಯ ಮೇಲೆ ಕಡಿತ ಮಾಡುವುದು ಬೇರೆ. ಮೂರಕ್ಕೂ ಒಂದೇ ಪದ ಬಳಸಿದರೆ ಆಗುವ ಅಪಾಯ ಸಣ್ಣದಲ್ಲ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯಲ್ಲಿ ಜನರೇಟರ್ ಹಚ್ಚಿದರೆ ಕರೆಂಟು ಹಿಂದಕ್ಕೆ ಲೈನಿಗೆ ಹರಿಯುತ್ತದೆ. ಕಂಬದ ಮೇಲಿರುವ ಲೈನ್‌ಮನ್‌ನ ಪ್ರಾಣ ಹೋಗುತ್ತದೆ. “ಕಂಬದ ಮೇಲೆ ನಮ್ಮವರು ಕೆಲಸ ಮಾಡುತ್ತಿರುತ್ತಾರೆ, ಕರೆಂಟು ನಿಲ್ಲಿಸಿದ್ದೇವೆ” ಎಂದು ಬರೆದರೆ ಓದಿದವನು ಎಚ್ಚರ ವಹಿಸುತ್ತಾನೆ. ‘ವ್ಯತ್ಯಯ’ ಎಂದರೆ ಗೊಣಗಿಕೊಂಡು ಜನರೇಟರ್ ಹಚ್ಚುತ್ತಾನೆ.

ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೇಸಿಗೆಯಲ್ಲಿ ಕಾವೇರಿಯ ಹರಿವು ತಗ್ಗಿ ತೊಂದರೆಯಾಗುತ್ತಿತ್ತು. ಅಂದಿನವರು ಅದನ್ನು ‘ನೀರು ಸಾಲದು’ ಎಂದೇ ಗುರುತಿಸಿದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಉದ್ದೇಶಗಳಲ್ಲಿ ಈ ಕೊರತೆ ನೀಗುವುದೂ ಒಂದು. ಕಾರಣವನ್ನು ಹೆಸರಿಟ್ಟು ಕರೆದರೆ ಪರಿಹಾರಕ್ಕೆ ದಾರಿಯಾಗುತ್ತದೆ.

ಶರಣಬಂಧುಗಳಿಗೆ ಇನ್ನೊಂದು ಮಾತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯನ್ನು ಅಂದಿನ ಅಧಿಕಾರಸ್ಥರು ಕಂಡದ್ದೂ ಕ್ರಮ ಕೆಟ್ಟಿತೆಂದೇ. ಶರಣರಿಗೆ ಅದು ಕೆಟ್ಟಿದ್ದ ಕ್ರಮವನ್ನು ಸರಿಪಡಿಸುವ ಕೆಲಸವಾಗಿತ್ತು. ಆದ್ದರಿಂದ ಕ್ರಮ ತಪ್ಪಿತೆಂದು ಯಾರಾದರೂ ಹೇಳಿದಾಗ ಯಾರ ಕ್ರಮ, ಯಾರಿಂದ ತಪ್ಪಿತು, ಯಾವಾಗ ಸರಿಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು. ಆಡುವ ಕನ್ನಡದಲ್ಲಿ ಅನುಭಾವವನ್ನೇ ಹೇಳಿದ ಪರಂಪರೆ ನಮ್ಮದು. ಕರೆಂಟು ಇರುವುದಿಲ್ಲ ಎಂಬುದನ್ನು ಹೇಳಲಾರೆವೇ?

ನಮ್ಮ ಮಠಗಳ, ಸಂಘಗಳ ಪ್ರಕಟಣೆಗಳಿಂದಲೇ ಇದು ಆರಂಭವಾಗಲಿ. ಆ ಯಜಮಾನರಿಗೆ ನಾನು ಕೊಡಬೇಕಿದ್ದ ಉತ್ತರ ಇದೇ, ತಡವಾಗಿ ಕೊಡುತ್ತಿದ್ದೇನೆ. ಶರಣು.