ಕಲ್ಲು ನೆಟ್ಟರೆ ಮರವಾಗದು

ಮಾನ್ಯ ಸಂಪಾದಕರೇ,

ನಮ್ಮೂರ ಹಳೆಯ ಅರಮನೆ ತೋಟದಲ್ಲಿ ವನಮಹೋತ್ಸವದ ದಿನ ಗಣ್ಯರು ಸಸಿ ನೆಟ್ಟ ಚಿತ್ರವನ್ನು ನೀವು ದೊಡ್ಡದಾಗಿ ಹಾಕಿದ್ದೀರಿ. ಆ ಗುಂಡಿ ಊರಿನವರಿಗೆಲ್ಲ ಗೊತ್ತು. ಕಳೆದ ವರ್ಷ ಅದರಲ್ಲೇ ಇನ್ನೊಬ್ಬ ಗಣ್ಯರು ಸಂಪಿಗೆ ನೆಟ್ಟಿದ್ದರು. ಬೇಸಿಗೆಯಲ್ಲಿ ನೀರು ಹಾಕುವವರಿಲ್ಲದೆ ಅದು ಒಣಗಿಹೋಯಿತು. ಈಗ ಅವರ ಹೆಸರಿನ ಗ್ರಾನೈಟ್ ಕಲ್ಲನ್ನು ಕಿತ್ತು ಕಾಂಪೌಂಡಿಗೆ ಒರಗಿಸಿ ಹೊಸ ಕಲ್ಲು ನಿಲ್ಲಿಸಿದ್ದಾರೆ. ಇದು ಊರಿಗೆ ಮಾಡಿದ ಅವಮಾನ.

ಈ ಸಲ ನೆಟ್ಟಿರುವುದು ಗುಲ್‌ಮೊಹರ್. ಮೈತುಂಬ ಬಿಸಿಲು ಬೇಕಾದ ಗಿಡವನ್ನು ಹಳೆಯ ಮಾವಿನ ಮರದ ದಟ್ಟ ನೆರಳಲ್ಲಿ ನೆಟ್ಟಿದ್ದಾರೆ! ಪಾತಿ ಇಲ್ಲ, ಆಸರೆಗೆ ಕೋಲಿಲ್ಲ, ಸುತ್ತ ಬೇಲಿಯೂ ಇಲ್ಲ. ಸಮಾರಂಭ ಮುಗಿದ ಸಂಜೆಯೇ ದನಗಳು ಅದರ ಚಿಗುರಿಗೆ ಬಾಯಿ ಹಾಕಿದ್ದನ್ನು ಕಣ್ಣಾರೆ ಕಂಡೆ.

ಲಾಲ್‌ಬಾಗಿಗೆ ಹೋಗಿ ನೋಡಲಿ. 1961ರಲ್ಲಿ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅಲ್ಲಿ ನೆಟ್ಟ ಅರಾಕೇರಿಯಾ ಸಸಿ ಎತ್ತರದ ಮರವಾಗಿದೆ. ರಾಣಿ ಮಣ್ಣು ಹಾಕಿದ್ದು ಒಂದು ದಿನ, ಅದನ್ನು ಬೆಳೆಸಿದ್ದು ತೋಟದ ಮಾಲಿಗಳು. ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಆಲದ ಸಾಲು ಬೆಳೆಸಿದರು. ಅವರಿಗೆ ಯಾವ ಕಲ್ಲೂ ಬೇಕಾಗಿರಲಿಲ್ಲ. ನಮ್ಮ ತೋಟದಲ್ಲಿ ಕಲ್ಲಿಗೆ ದುಡ್ಡಿದೆ, ನೀರಿಗಿಲ್ಲ.

ಇನ್ನೂ ಒಂದು ಮಾತು. ಶಾಮಿಯಾನ ಹಾಕಲು ಅಡ್ಡವೆಂದು ಗೇಟಿನ ಬಳಿಯ ನೇರಳೆ ಮರದ ಎರಡು ದಪ್ಪ ಕೊಂಬೆಗಳನ್ನು ಕಡಿದುಹಾಕಿದ್ದಾರೆ. ಒಂದು ಸಸಿ ನೆಡಲು ಒಂದು ಮರ ಬೋಳಿಸಿದರು! ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಅದರ ಪ್ರಕಾರ ಕೊಂಬೆ ಕಡಿಯುವುದೂ ಮರ ಕಡಿದಂತೆಯೇ, ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಕೊಟ್ಟವರು ಯಾರೆಂದು ಕೇಳಿದರೆ ಎಲ್ಲರೂ ಪಕ್ಕದವರತ್ತ ಕೈ ತೋರಿಸುತ್ತಾರೆ. ಆ ನೇರಳೆಯ ಹಣ್ಣು ಆಯ್ದು ತಿಂದು ಬೆಳೆದ ನಮಗೆ ಹೊಟ್ಟೆ ಉರಿಯುತ್ತದೆ.

ತೋಟ ನೋಡಿಕೊಳ್ಳುವವರು ಒಂದು ದಾಖಲೆ ಪುಸ್ತಕ ಇಡಲಿ. ಯಾವ ಸಸಿ, ಯಾರು ನೆಟ್ಟರು, ನೀರು ಹಾಕುವ ಹೊಣೆ ಯಾರದು ಎಂಬುದೆಲ್ಲ ಅದರಲ್ಲಿರಲಿ. ಸಸಿ ಮೂರು ಬೇಸಿಗೆ ದಾಟುವವರೆಗೆ ಯಾರ ಹೆಸರಿನ ಕಲ್ಲೂ ಬೇಡ. ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಜುಲೈನಲ್ಲಿ ಗಣ್ಯರ ಚಿತ್ರ ಅಚ್ಚು ಹಾಕುವ ಮೊದಲು, ಈ ವರ್ಷ ನೆಟ್ಟದ್ದು ಬದುಕಿದೆಯೇ ಎಂದು ನೋಡಿಬರಲು ನಿಮ್ಮ ವರದಿಗಾರರನ್ನು ಕಳಿಸಿ. ಸತ್ತಿದ್ದರೆ ಅದರ ಚಿತ್ರವನ್ನೂ ಅಷ್ಟೇ ದೊಡ್ಡದಾಗಿ ಹಾಕಿ.

– ಅರಮನೆ ತೋಟದ ನೆರೆಯ ನಿವಾಸಿ