ತೂಗುವ ಕಲ್ಲನ್ನೇ ತೂಗಬೇಕು

ರವೆಯ ಡಬ್ಬಿಯನ್ನು ಕೆಲವು ತಿಂಗಳು ಮರೆತಿದ್ದು, ಒಂದು ಬೆಳಗ್ಗೆ ಉಪ್ಪಿಟ್ಟಿಗೆಂದು ಮುಚ್ಚಳ ತೆಗೆದಾಗ ಒಳಗೆ ಸರಸರನೆ ಹರಿದಾಡುವ ಕೆಂಗಂದು ಬಣ್ಣದ ಕಿರುಹುಳುಗಳನ್ನು ಕಾಣದ ಗೃಹಿಣಿ ಅಪರೂಪ. ಮೂರು ನಾಲ್ಕು ಮಿಲಿಮೀಟರು ಉದ್ದದ ಈ ಹಿಟ್ಟಿನ ಹುಳು ದುಂಬಿಗಳ ಬಳಗಕ್ಕೆ ಸೇರಿದ್ದು. ಟ್ರೈಬೋಲಿಯಮ್ ಕ್ಯಾಸ್ಟೇನಿಯಮ್ ಎಂಬುದು ಇದರ ಶಾಸ್ತ್ರೀಯ ನಾಮ. ಜರಡಿಯಿಂದ ಹೊರಬೀಳುವ ಈ ಕ್ಷುದ್ರಜೀವಿಗೆ ಪ್ರಯೋಗಶಾಲೆಯಲ್ಲಿ ಮಾತ್ರ ರಾಜಮರ್ಯಾದೆ. ದುಂಬಿಗಳ ಪೈಕಿ ವಂಶವಾಹಿಗಳ, ಅಂದರೆ ಜೀನ್‌ಗಳ, ಸಂಪೂರ್ಣ ಲಿಪಿಯನ್ನು ಮೊತ್ತಮೊದಲು ಓದಲಾದುದು ಇದರದೇ; ಅದು ಪ್ರಕಟವಾದದ್ದು 2008ರಲ್ಲಿ.

ಇಷ್ಟು ಆಸ್ಥೆಗೆ ಕಾರಣವುಂಟು. ಉಗ್ರಾಣಗಳಲ್ಲಿ ಕಾಳು ಹಿಟ್ಟುಗಳನ್ನು ಕೆಡಿಸುವ ಈ ಹುಳು, ತನ್ನ ಮೇಲೆ ಪ್ರಯೋಗಿಸಿದ ಹಲವು ವಿಷಗಳನ್ನು ಅರಗಿಸಿಕೊಳ್ಳುತ್ತ ಬಂದಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಒಂದು ತಳಿಗೆ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಸುಲಭವಾಗಿ ನಾಟದು. ವಿಷವನ್ನು ಮುರಿಯುವ ಒಂದು ಜೀನ್ ಆ ತಳಿಯಲ್ಲಿ, ಮುಖ್ಯವಾಗಿ ಮಿದುಳಿನಲ್ಲಿ, ಅತಿಯಾಗಿ ದುಡಿಯುವುದೇ ಇದರ ಗುಟ್ಟೆಂದು 2010ರಲ್ಲಿ ಪ್ರಕಟವಾಯಿತು. ವಿಷಕ್ಕೆ ಬಲಿಯಾಗುವ ಸಾಧಾರಣ ತಳಿಯೊಡನೆ ಹೋಲಿಸಿದರೆ ಅದರ ಚಟುವಟಿಕೆ 200 ಪಟ್ಟಿಗೂ ಮಿಗಿಲು. ಕಣ್ಣಿಗೆ ಕಾಣದ ಜೀನ್ ಇಷ್ಟು ಪಟ್ಟು ದುಡಿಯಿತೆಂದು ಅಳೆಯುವುದಾದರೂ ಹೇಗೆ?

ಜೀವಕೋಶ ಪ್ರತಿಯೊಂದರಲ್ಲಿಯೂ ಎಲ್ಲ ಜೀನ್‌ಗಳೂ ಇರುತ್ತವೆ. ಆದರೆ ಎಲ್ಲವೂ ಏಕಕಾಲಕ್ಕೆ ಕೆಲಸ ಮಾಡುವುದಿಲ್ಲ. ಕೆಲಸಕ್ಕಿಳಿದ ಜೀನ್ ಆರ್.ಎನ್.ಎ. ರೂಪದಲ್ಲಿ ತನ್ನ ನಕಲುಗಳನ್ನು ಹೊರಡಿಸುತ್ತದೆ. ಆ ನಕಲುಗಳನ್ನು ಎಣಿಸಿದರೆ ಅದರ ಚಟುವಟಿಕೆ ತಿಳಿಯುತ್ತದೆ. ಅದಕ್ಕಾಗಿ ಹುಳುವನ್ನು ಅರೆದು ಆರ್.ಎನ್.ಎ.ಯನ್ನು ಬೇರ್ಪಡಿಸಿ, ಡಿ.ಎನ್.ಎ.ಯಾಗಿ ಮಾರ್ಪಡಿಸಿ, ಬೇಕಾದ ಭಾಗವನ್ನಷ್ಟೇ ಯಂತ್ರದೊಳಗೆ ಸುತ್ತಿಗೊಮ್ಮೆ ಇಮ್ಮಡಿಯಾಗಿಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸುತ್ತು ಕಳೆಯುವುದರೊಳಗೆ 1024 ಆಗುತ್ತದೆ. ಎಷ್ಟನೆಯ ಸುತ್ತಿನಲ್ಲಿ ಅದರ ಹೊಳಪು ಯಂತ್ರದ ಕಣ್ಣಿಗೆ ಬಿತ್ತೆಂಬುದೇ ಲೆಕ್ಕ. ನಕಲುಗಳು ಹೆಚ್ಚಿದ್ದಷ್ಟೂ ಹೊಳಪು ಬೇಗ ಕಾಣುತ್ತದೆ. ಒಂದು ಸುತ್ತು ಹಿಂದುಮುಂದಾದರೆ ಎರಡು ಪಟ್ಟು, ಎರಡು ಸುತ್ತಾದರೆ ನಾಲ್ಕು ಪಟ್ಟು ಅಂತರ.

ತೊಡಕು ಇರುವುದು ಇಲ್ಲಿಯೇ. ಒಂದು ಹುಳು ದಪ್ಪ, ಇನ್ನೊಂದು ಸಣಕಲು. ಆರ್.ಎನ್.ಎ. ಬಹು ಬೇಗ ಕೆಡುವ ಪದಾರ್ಥ. ಒಂದು ನಳಿಗೆಯಲ್ಲಿ ಹೆಚ್ಚು ಉಳಿದೀತು, ಮತ್ತೊಂದರಲ್ಲಿ ಕಡಿಮೆ. ಆದ್ದರಿಂದ ತಕ್ಕಡಿಯ ಒಂದು ತಟ್ಟೆಯಲ್ಲಿ ಪರೀಕ್ಷೆಗೆ ಬಂದ ಜೀನ್ ಇಟ್ಟರೆ, ಮತ್ತೊಂದರಲ್ಲಿ ತೂಕದ ಕಲ್ಲಿನಂತೆ ಏರುಪೇರಿಲ್ಲದ ಇನ್ನೊಂದು ಜೀನ್ ಇಡಬೇಕು. ಇದೇ ಆಧಾರ ಜೀನ್. ಇದಕ್ಕಾಗಿ ಮನೆವಾರ್ತೆಯ ಜೀನ್‌ಗಳನ್ನು, ಅಂದರೆ ಕೋಶವು ಬದುಕಿರುವಷ್ಟು ಕಾಲವೂ ಒಲೆ ಹಚ್ಚಿ ಕಸ ಗುಡಿಸುವ ಕೆಲಸದವನ್ನು, ಆರಿಸುವುದು ವಾಡಿಕೆ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಜೀನ್ ಬಹುಕಾಲ ಈ ಪೀಠವನ್ನು ಅಲಂಕರಿಸಿತ್ತು. ಅದು ಸದಾ ಸ್ಥಿರವೆಂದು ಯಾರೂ ಪರೀಕ್ಷಿಸಿ ನೋಡಿದ್ದಲ್ಲ. ಎಲ್ಲರೂ ಬಳಸುತ್ತಿದ್ದರು, ಬಳಸಿದರು.

ದುಂಬಿಯ ಬದುಕನ್ನು ಬಲ್ಲವರಿಗೆ ಇಲ್ಲಿ ಅನುಮಾನ ಹುಟ್ಟದೆ ಇರದು. ಮೊಟ್ಟೆಯಿಂದ ಮರಿಹುಳು, ಅದರಿಂದ ಅಲುಗಾಡದ ಕೋಶಾವಸ್ಥೆ, ಅನಂತರ ರೆಕ್ಕೆಯ ದುಂಬಿ. ಕೋಶಾವಸ್ಥೆಯಲ್ಲಿ ಮರಿಹುಳುವಿನ ಸ್ನಾಯುಗಳು ಬಹುಮಟ್ಟಿಗೆ ಕರಗಿ, ಕಾಲು ರೆಕ್ಕೆಗಳ ಹೊಸ ಸ್ನಾಯುಗಳು ಮೂಡುತ್ತವೆ. ಸ್ನಾಯುವಿನ ಮುಖ್ಯ ಸಾಮಗ್ರಿಗಳಲ್ಲಿ ಆಕ್ಟಿನ್ ಒಂದು. ಮನೆಯನ್ನೇ ಕೆಡವಿ ಕಟ್ಟುತ್ತಿರುವಾಗ ಇಟ್ಟಿಗೆಯ ಲೆಕ್ಕ ಎಂದಿನಂತೆಯೇ ಇದ್ದೀತೆ?

ಕಲ್ಲು ಸವೆದರೆ ಆಗುವ ಅನಾಹುತಕ್ಕೆ ಒಂದು ಕಲ್ಪಿತ ಉದಾಹರಣೆ ಸಾಕು. ವಿಷ ಸೋಕದ ದುಂಬಿಯಲ್ಲಿ ಆಧಾರ ಜೀನ್ 18ನೆಯ ಸುತ್ತಿನಲ್ಲಿಯೂ ಪರೀಕ್ಷೆಯ ಜೀನ್ 25ನೆಯ ಸುತ್ತಿನಲ್ಲಿಯೂ ಕಂಡವೆನ್ನೋಣ, ಅಂತರ 7. ವಿಷ ಸೋಕಿದ ದುಂಬಿಯಲ್ಲಿ ಪರೀಕ್ಷೆಯ ಜೀನ್ ಮತ್ತೆ 25ರಲ್ಲಿಯೇ ಕಂಡು, ಆಧಾರ ಜೀನ್ ಮಾತ್ರ 20ಕ್ಕೆ ಇಳಿಯಿತು; ಅಂತರ 5. ಆಧಾರ ಜೀನ್ ಅಚಲವೆಂದು ನಂಬಿದವನ ಲೆಕ್ಕದಲ್ಲಿ, ಎರಡನೆಯ ನಳಿಗೆಯಲ್ಲಿ ಆರ್.ಎನ್.ಎ.ಯೇ ಕಡಿಮೆಯಿತ್ತು, ಆದುದರಿಂದ ಪರೀಕ್ಷೆಯ ಜೀನ್ ನಾಲ್ಕು ಪಟ್ಟು ಏರಿದೆ. ವಾಸ್ತವದಲ್ಲಿ ಎರಡು ನಳಿಗೆಗಳಲ್ಲೂ ಆರ್.ಎನ್.ಎ. ಸಮನಾಗಿದ್ದು, ವಿಷದ ಹೊಡೆತಕ್ಕೆ ಆಧಾರ ಜೀನೇ ಕಾಲು ಭಾಗಕ್ಕೆ ಕುಸಿದಿದ್ದರೆ? ಪರೀಕ್ಷೆಯ ಜೀನ್ ಕದಲಿಯೇ ಇಲ್ಲ! 200 ಪಟ್ಟಿನ ಮಾತು ಬಂದಾಗ ಇಂಥ ದೋಷ ನುಂಗಿಹೋದೀತು. ಎರಡು ಮೂರು ಪಟ್ಟು ಹೆಚ್ಚಿತೆಂಬ ವರದಿಗಳನ್ನೇ ಹೆಚ್ಚು ಅನುಮಾನದಿಂದ ಓದಬೇಕು. ಅಂಥವು ವಿರಳವೇನೂ ಅಲ್ಲ.

ಬೆಲ್ಜಿಯಮ್ ದೇಶದ ಗೆಂಟ್ ನಗರದ ಸಂಶೋಧಕರು 2002ರಲ್ಲಿ ಇದಕ್ಕೆ ಒಂದು ಉಪಾಯ ಸೂಚಿಸಿದರು. ಅವರು ನೋಡಿದ್ದು ದುಂಬಿಗಳನ್ನಲ್ಲ, ಮನುಷ್ಯರ ಅಂಗಾಂಶಗಳಲ್ಲಿ ಮನೆವಾರ್ತೆಯ 10 ಜೀನ್‌ಗಳನ್ನು. ಯಾವ ಒಂದು ಜೀನ್‌ನ ಮಾತನ್ನೂ ನಂಬದೆ, ಜೋಡಿ ಜೋಡಿಯಾಗಿ ಹೋಲಿಸುವುದೇ ಆ ಉಪಾಯ. ಎರಡೂ ನಿಜವಾಗಿ ಸ್ಥಿರವಾಗಿದ್ದರೆ ಅವುಗಳ ಪರಸ್ಪರ ಪ್ರಮಾಣ ಎಲ್ಲ ನಳಿಗೆಗಳಲ್ಲೂ ಒಂದೇ ಆಗಿರಬೇಕಷ್ಟೆ. ಎಲ್ಲರೊಡನೆಯೂ ತಾಳ ತಪ್ಪುವುದನ್ನು ಹೊರಹಾಕಿ ಮತ್ತೆ ಹೋಲಿಸುತ್ತ ಹೋದರೆ, ಕಡೆಗೆ ನೆಚ್ಚತಕ್ಕ ಎರಡು ಮೂರು ಉಳಿಯುತ್ತವೆ. ಆ ಎರಡು ಮೂರರ ಸರಾಸರಿಯೇ ತೂಕದ ಕಲ್ಲು.

ಹಿಟ್ಟಿನ ಹುಳುವಿನ ಸರದಿ 2010ರಲ್ಲಿ ಬಂದಿತು. ಅಮೆರಿಕದ ಕಾನ್ಸಾಸ್ ಪ್ರಾಂತದ ಸಂಶೋಧಕರು ಹುಳುಗಳಿಗೆ ಬ್ಯೂವೇರಿಯಾ ಎಂಬ ಬೂಸ್ಟನ್ನು ತಗುಲಿಸಿ, ಯಾವ ಜೀನ್ ಕದಲದೆ ನಿಲ್ಲುವುದೆಂದು ನೋಡಿದರು. ಪ್ರೋಟೀನು ತಯಾರಿಸುವ ರೈಬೋಸೋಮು ಎಂಬ ಕಾರ್ಖಾನೆಯ ಭಾಗಗಳಿಗೆ ಸಂಬಂಧಿಸಿದ ಕೆಲವು ಜೀನ್‌ಗಳು ಗಟ್ಟಿಯಾಗಿ ನಿಂತವು. ಆದರೂ ಇಲ್ಲಿ ಒಂದು ಎಚ್ಚರಿಕೆ ಬೇಕು. ಒಂದೇ ಕಾರ್ಖಾನೆಯವು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಸಂಭವವುಂಟು. ಹಾಗೆ ಏರಿಳಿದರೂ ಅವುಗಳ ಪರಸ್ಪರ ಪ್ರಮಾಣ ಕೆಡುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ಸ್ಥಿರವೆಂದೇ ತೇರ್ಗಡೆಯಾಗುತ್ತವೆ. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಸಾಕ್ಷಿ ನುಡಿದಂತೆ! ಸಾಕ್ಷಿಗಳನ್ನು ಬೇರೆ ಬೇರೆ ಮನೆಗಳಿಂದ ಕರೆಯುವುದು ಲೇಸು. 2009ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ನಿಯಮಾವಳಿಯೂ, ಸ್ಥಿರತೆಯ ಪುರಾವೆಯಿಲ್ಲದೆ ಒಂದೇ ಆಧಾರ ಜೀನ್ ನೆಚ್ಚಿದರೆ ಸಾಲದೆಂದು ಹೇಳುತ್ತದೆ.

ಇದು ಪ್ರಯೋಗಶಾಲೆಯ ಒಳಜಗಳವಾಗಿ ಉಳಿದಿಲ್ಲ. ಕೊಲರಾಡೊ ದುಂಬಿ ಎಂಬ ಹಳದಿ ಕರಿ ಪಟ್ಟೆಯ ಪ್ರಾಣಿ ಅಮೆರಿಕ, ಯೂರೋಪುಗಳ ಆಲೂಗಡ್ಡೆ ಬೆಳೆಗೆ ದೊಡ್ಡ ಪೀಡೆ. ಐವತ್ತಕ್ಕೂ ಹೆಚ್ಚು ಕೀಟನಾಶಕಗಳಿಗೆ ಜಗ್ಗದೆ ನಿಂತದ್ದು. ಇದರ ಮೇಲೆ ಪ್ರಯೋಗಿಸಲು ಹೊಸ ಬಗೆಯ ಒಂದು ಸಿಂಪಡಣೆಗೆ 2023ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರ ಅನುಮತಿ ಕೊಟ್ಟಿತು. ಎಲೆಯೊಡನೆ ಹೊಟ್ಟೆ ಸೇರುವ ಜೋಡಿ ಎಳೆಯ ಆರ್.ಎನ್.ಎ., ದುಂಬಿಯ ಜೀವಧಾರಣೆಗೆ ಬೇಕಾದ ಒಂದು ಜೀನ್‌ನ ಬಾಯಿ ಕಟ್ಟುತ್ತದೆ. ಬಾಯಿ ಕಟ್ಟಿತೆ, ಎಷ್ಟು ಕಟ್ಟಿತು, ಅರ್ಧವೋ ಹತ್ತನೆಯ ಒಂದು ಭಾಗವೋ ಎಂಬುದನ್ನು ಆಧಾರ ಜೀನ್ ಇಟ್ಟು ಅಳೆಯಬೇಕು. ಆದರೆ ಮದ್ದು ತಿಂದ ದುಂಬಿ ಮೇವು ಬಿಡುತ್ತದೆ, ಸೊರಗುತ್ತದೆ, ಅದರ ಮನೆವಾರ್ತೆಯೇ ಅಲ್ಲೋಲಕಲ್ಲೋಲವಾಗುತ್ತದೆ. ಆರೋಗ್ಯವಂತ ದುಂಬಿಯಲ್ಲಿ ಆರಿಸಿದ ಕಲ್ಲು ಅಲ್ಲಿ ನಡೆಯದು. ಹಿಟ್ಟಿನ ಹುಳುವಿಗೆ ಒಪ್ಪಿದ ಪಟ್ಟಿಯೂ ನಡೆಯದು. ಸಾಯುತ್ತಿರುವ ಆ ದುಂಬಿಗಳನ್ನೇ, ಮೊದಲ ದಿನದವು, ಮೂರನೆಯ ದಿನದವು, ಐದನೆಯ ದಿನದವು ಎಂದು ಬೇರ್ಪಡಿಸಿ, ಕಲ್ಲನ್ನು ಪ್ರತಿ ಸಲವೂ ಹೊಸದಾಗಿ ತೂಗಿ ನೋಡಬೇಕಾಗುತ್ತದೆ.